ನಲವತ್ತು ಸೆಕೆಂಡಿನ ಅಜೇಯೆ

೪ ಜನವರಿ ೨೦೦೯, ಭಾನುವಾರ

ಮಹಾಸಭೆಯ ಸಭಿಕರೇ, ವೇದಿಕೆಯೇ ಇಲ್ಲದಿದ್ದರೂ ವೇದಿಕೆಯ ಮೇಲಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿರುವ ಮಹನೀಯರೇ! ಚಾಮರಾಜನಗರ ಜಿಲ್ಲೆ ಹುಟ್ಟಿ ಹನ್ನೊಂದು ವರ್ಷವಾಯಿತು. ಜಿಲ್ಲೆಯ ಏಕೈಕ ಅಜೇಯ ಮಹಿಳಾ ಹೆವಿವೇಯ್ಟ್ ಬಾಕ್ಸರ್ ಕುಮಾರಿ ಶಿವರಂಜಿನಿ, ವಯಸ್ಸು ಹತ್ತೊಂಬತ್ತು, ವಾಸ ಗುಂಡ್ಲುಪೇಟೆ, ಇವರ ಬಲಾಬಲಗಳನ್ನು ನಿಷ್ಪಕ್ಷಪಾತವಾಗಿ ಪರಿಶೀಲಿಸಲು ಈ ನೋಟ್ ಪುಸ್ತಕವನ್ನು ಇಂದು ಉದ್ಘಾಟಿಸಲಾಗಿದೆ.

ಪರಿಶೀಲಕರು: ಶಂಭುಲಿಂಗಪ್ಪ, ಬಿ.ಎ., ಕನ್ನಡ ಮಾಧ್ಯಮ, ಎರಡನೇ ದರ್ಜೆ. ಪ್ರಾಸದಲ್ಲಿ ಮಾತ್ರ ಮೊದಲನೇ ದರ್ಜೆ. ಉದ್ಯೋಗ: ಚಾಮರಾಜನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕ ಬರೆಯುವ ಗುಮಾಸ್ತ. ಸ್ಪರ್ಧಿಗೂ ಪರಿಶೀಲಕರಿಗೂ ಇರುವ ಸಂಬಂಧ: ತಂದೆ. ಇದರಿಂದ ನಿಷ್ಪಕ್ಷಪಾತಕ್ಕೆ ಧಕ್ಕೆ ಬರುವುದಿಲ್ಲವೆಂದು ಪರಿಶೀಲಕರೇ ತೀರ್ಮಾನಿಸಿದ್ದಾರೆ.

ಈವರೆಗೆ ಐದು ಪಂದ್ಯ, ಐದೂ ಗೆಲುವು. ಮೂರರಲ್ಲಿ ಎಂಬತ್ತೊಂದು ಕಿಲೋ ದಾಟಿದ ಇನ್ನೊಬ್ಬ ಹುಡುಗಿಯೇ ಇರಲಿಲ್ಲ. ರಿಂಗ್ ಹತ್ತಿ, ಕೈ ಎತ್ತಿಸಿಕೊಂಡು ಇಳಿದದ್ದು. ನಾಲ್ಕನೆಯದರಲ್ಲಿ ಎದುರಾಳಿ ಹೊಟ್ಟೆಗೆ ಬಿದ್ದ ಒಂದು ಗುದ್ದಿಗೆ ಕೂತವಳು ಮತ್ತೆ ಏಳಲಿಲ್ಲ. ಐದನೆಯದು ಕಳೆದ ಅಕ್ಟೋಬರಿನಲ್ಲಿ, ಮೈಸೂರಿನಲ್ಲಿ: ಎದುರಾಳಿ ಕಾರಣಾಂತರದಿಂದ ಗೈರು. ಹೀಗೆ ಎರಡು ವರ್ಷದ ಅಜೇಯ ಬದುಕಿನಲ್ಲಿ ಸ್ಪರ್ಧಿ ನಿಜವಾಗಿ ಹೊಡೆದಾಡಿದ್ದು ಒಟ್ಟು ನಲವತ್ತು ಸೆಕೆಂಡು.

ಆ ನಲವತ್ತು ಸೆಕೆಂಡನ್ನು ಪರಿಶೀಲಕರು ನೋಡಲಿಲ್ಲ. ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದರು. ಅವತ್ತು ನಾನು ಹಾಕಿಕೊಂಡಿದ್ದು ಚಪ್ಪಲಿ ಎಂದು ಹೆಂಡತಿ ಸುಧಾಮಣಿ ಆಗಾಗ ನೆನಪಿಸುತ್ತಾಳೆ.

ಬಲ: ತೂಕ, ಉಸಿರು, ತಾಳ್ಮೆ.
ದೌರ್ಬಲ್ಯ: ಮುಖಕ್ಕೆ ಹೊಡೆಯುವುದಿಲ್ಲ. ಹೊಟ್ಟೆಗೆ ಹೊಡೆದರೂ ಹಿಂದೆ ಸರಿಯದೆ ಬಗ್ಗಿ, "ನೋವಾಯ್ತಾ?" ಎಂದು ಕೇಳುತ್ತಾಳೆ.

ಮಾರ್ಚ್ ಒಂದಕ್ಕೆ ಚಾಮರಾಜನಗರದಲ್ಲಿ ಆಯ್ಕೆ ಪಂದ್ಯ. ಗೆದ್ದವಳು ರಾಜ್ಯಮಟ್ಟಕ್ಕೆ.

೯ ಜನವರಿ, ಶುಕ್ರವಾರ

ಬೆಳಿಗ್ಗೆ ನಾನೂ ಮಗಳು ರಂಜುವೂ ಒಂದೇ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಬರುತ್ತೇವೆ. ಅವಳು ಕಾಲೇಜಿಗೆ, ನಾನು ಮಾರುಕಟ್ಟೆಗೆ. ಶುಕ್ರವಾರ ಹರಾಜು ಮುಗಿದ ಮೇಲೆ ಅವಳು ಬಂದು ಗೂಡು ತೂಗುವ ಯಂತ್ರದ ಮೇಲೆ ನಿಲ್ಲಬೇಕು, ನಾನು ಬರೆದುಕೊಳ್ಳಬೇಕು. ಇದು ನಮ್ಮ ವಾರದ ವ್ರತ.

ಮೂಟೆ ಹೊರುವ ರಾಚಯ್ಯ ಇವತ್ತು ಹಲ್ಲು ಕಿಸಿದ. "ಸಾ, ಈ ಲಾಟು ಯಾವೂರ್ದು?"

ನಾನು ಬಾಯಿ ತೆಗೆಯುವ ಮೊದಲೇ ರಂಜು, "ಗುಂಡ್ಲುಪೇಟೆದು ಕಣಣ್ಣ. ಹರಾಜಿಗಿಲ್ಲ," ಅಂದಳು.

ಎಂಬತ್ತು ಕಿಲೋ ಆರುನೂರು ಗ್ರಾಂ. ಇದು ಗಂಭೀರ ವಿಚಾರ, ಸಭಿಕರೇ. ಎಂಬತ್ತೊಂದರ ಮೇಲೆ ಎದುರಾಳಿಗಳ ಬರ. ಕೆಳಗಿನ ವರ್ಗದಲ್ಲಿ ನಾಲ್ಕು ಜನ ಇದ್ದಾರೆ, ಅದರಲ್ಲಿ ಒಬ್ಬಳು ಹಾಕಿ ಆಡುತ್ತಿದ್ದವಳು. ಅಜೇಯ ದಾಖಲೆ ಉಳಿಯಬೇಕಾದರೆ ತೂಕ ಉಳಿಯಬೇಕು. ಮನೆಗೆ ಬಂದು ಸುಧಾಮಣಿಗೆ ಹೊಸ ಸೂತ್ರ ಹೇಳಿದೆ: "ಮೂರಾದರೆ ಮುದ್ದೆ, ಪಂದ್ಯ ಗೆದ್ದೆ."

"ಗೆಲ್ಲೋದು ಅವ್ಳೋ, ಮುದ್ದೆನೋ?" ಅಂದಳು ಸುಧಾಮಣಿ, ಆದರೂ ಮೂರು ತೊಳಸಿದಳು. ರಂಜು ಎರಡು ತಿಂದಳು. ಮೂರನೆಯದನ್ನು ನಾನು ನೋಡುತ್ತಿದ್ದೇನೆಂದು ತಿಂದಳು.

೧೫ ಜನವರಿ, ಗುರುವಾರ

ನಿನ್ನೆ ಎಳ್ಳುಬೆಲ್ಲ ಬೀರಲು ಹೋದ ಸ್ಪರ್ಧಿಯ ಮೊಣಕಾಲಿಗೆ ಪಕ್ಕದ ಮನೆಯ ನಾಲ್ಕು ವರ್ಷದ ಹುಡುಗಿ ಗುದ್ದಿದಳು. ಸ್ಪರ್ಧಿ ತಟ್ಟೆಯನ್ನು ಕಟ್ಟೆಯ ಮೇಲೆ ಹುಷಾರಾಗಿ ಇಟ್ಟು, ಆಮೇಲೆ ಬೀದಿಯಲ್ಲಿ ದೊಪ್ಪನೆ ಬಿದ್ದು, ಹತ್ತು ಎಣಿಸುವ ತನಕ ಏಳಲಿಲ್ಲ. ಮಗುವಿಗೆ ಹತ್ತರ ತನಕ ಎಣಿಸಲು ಬಾರದ್ದರಿಂದ ಬಹಳ ಹೊತ್ತು ಮಲಗಿರಬೇಕಾಯಿತು.

ಸೋಲು ಅಧಿಕೃತ ದಾಖಲೆಗೆ ಸೇರಿಸಿಲ್ಲ.

೨೫ ಜನವರಿ, ಭಾನುವಾರ

ಊಟಿ ರಸ್ತೆಯಲ್ಲಿ ಲಿಂಗಯ್ಯನ ಪಂಚರ್ ಅಂಗಡಿ. ಮಿಲಿಟರಿಯಲ್ಲಿ ಹವಾಲ್ದಾರನಾಗಿದ್ದು, ರೆಜಿಮೆಂಟಿಗೆ ಬಾಕ್ಸಿಂಗ್ ಆಡಿದ ಮನುಷ್ಯ. ಈಗ ಕೇರಳದ ಲಾರಿಗಳಿಗೆ ಮಲಯಾಳದಲ್ಲೂ, ನನ್ನ ಮಗಳಿಗೆ ಕನ್ನಡದಲ್ಲೂ ಬೈಯುತ್ತಾನೆ. ಅಂಗಡಿಯ ಹಿಂದೆ ಹುಣಸೆಮರಕ್ಕೆ ಲಾರಿ ಟ್ಯೂಬಿನೊಳಗೆ ಮರಳು, ಹೊಟ್ಟು ತುಂಬಿದ ಮೂಟೆ ನೇತುಹಾಕಿದ್ದಾನೆ. ರಂಜು ಹೊಡೆದರೆ ಮರದಿಂದ ಹುಣಸೆಕಾಯಿ ಉದುರುತ್ತವೆ.

ಅವಳಿಗೆ ಪಾಠ ನೆನಪಿರಲಿ ಎಂದು ನಾನು ಎಲ್ಲವನ್ನೂ ಪ್ರಾಸದಲ್ಲಿ ಕಟ್ಟಿಕೊಟ್ಟಿದ್ದೇನೆ. "ಗಲ್ಲ ಇಳಿಸು, ಹಲ್ಲು ಉಳಿಸು." ಇದು ಮೊದಲನೇ ಪಾಠ. "ಹೊಡೆದ ಮೇಲೆ ಹಿಂದೆ ಸರಿ, ನಿಂತು ನೋಡುವುದಲ್ಲ ಸರಿ." ಇದು ಎರಡನೆಯದು.

"ಸಾ, ಇದು ಬಾಕ್ಸಿಂಗೋ, ಇಸ್ಕೂಲ್ ಪದ್ಯ ಬಾಯ್ಪಾಠವೋ?" ಅಂದ ಲಿಂಗಯ್ಯ. ಆಮೇಲೆ ಅವನೇ ಮೂಟೆಯ ಹಿಂದೆ ನಿಂತು, "ಗಲ್ಲ ಇಳ್ಸು ಕಣಮ್ಮಿ, ಅಲ್ಲು ಉಳ್ಸು!" ಎಂದು ಕೂಗುತ್ತಿದ್ದ.

ವಾಪಸು ಬರುವಾಗ ಸ್ಪರ್ಧಿ ಪರಿಶೀಲಕರನ್ನು ರಸ್ತೆ ಪಕ್ಕ ನಿಲ್ಲಿಸಿದಳು.

"ಅಪ್ಪಾಜಿ, ನಂಗೆ ಒಂದ್ಸಲ ನಿಜವಾಗ್ಲೂ ಆಡ್ಬೇಕು."

"ಆಡ್ತಾನೇ ಇದೀಯಲ್ಲಮ್ಮ. ಐದು ಗೆದ್ದಿದೀಯ."

"ಕಾಲೇಜಲ್ಲಿ ಬೋರ್ಡ್ ಮೇಲೆ 'ಅಜೇಯೆ' ಅಂತ ಬರ್ದವ್ರೆ. ಹುಡ್ಗೀರು ಹೆಂಗೆ ಗೆದ್ದೆ ಅಂತ ಕೇಳ್ತಾರೆ. ಏನ್ ಹೇಳ್ಲಿ? ತೂಗುಸ್ಕೊಂಡೆ ಅನ್ಲಾ?"

ನಾನು ನಕ್ಕೆ. ಅವಳು ನಗಲಿಲ್ಲ. "ನನ್ನ ಯಾರೂ ಹೊಡ್ದೇ ಇಲ್ಲ ಅಪ್ಪಾಜಿ. ಹೊಡುಸ್ಕೊಂಡ್ರೆ ಅಳ್ತೀನೋ ಆಡ್ತೀನೋ, ನಂಗೇ ಗೊತ್ತಿಲ್ಲ. ಗೊತ್ತಾಗ್ಬೇಕು."

ದೌರ್ಬಲ್ಯ: ಇಂಥ ಮಾತುಗಳು.

೩ ಫೆಬ್ರವರಿ, ಮಂಗಳವಾರ

ಮಾರುಕಟ್ಟೆಯಲ್ಲಿ ಇವತ್ತು ನೂರಕ್ಕೂ ಮೇಲೆ ಲಾಟು. ಗೂಡನ್ನು ಪ್ಲಾಸ್ಟಿಕ್ ಬುಟ್ಟಿಗೆ ಸುರಿದು ತೂಗುತ್ತೇವೆ. ಬುಟ್ಟಿಯದೇ ಎರಡು ಕಿಲೋ. ಅದನ್ನು ಕಳೆಯಲು ಯಂತ್ರದಲ್ಲಿ ಒಂದು ಗುಂಡಿ ಇದೆ. ಅದು ಕೆಟ್ಟ ದಿನ ಬಾಯಲ್ಲೇ ಕಳೆದು ಬರೆಯುತ್ತೇನೆ. ಇವತ್ತು ಮಧ್ಯಾಹ್ನದ ತನಕ ಕೆಟ್ಟಿತ್ತು.

ಒಬ್ಬ ಹೆಂಗಸು, ಐವತ್ತರ ಹತ್ತಿರ, ತಲೆಗೆ ಟವೆಲ್ ಸುತ್ತಿದ್ದವಳು, ನನ್ನ ಮುಖವನ್ನೇ ನೋಡುತ್ತ ನಿಂತಳು.

"ನಿಮ್ನ ಎಲ್ಲೋ ನೋಡಿವ್ನಲ್ಲ ಸಾ. ಮೈಸೂರಲ್ಲಾ?"

"ಗುಮಾಸ್ತನ ಮುಖ ಎಲ್ಲ ಆಫೀಸಲ್ಲೂ ಒಂದೇ ಕಣಮ್ಮ. ಮುಂದೆ ನಡಿ," ಅಂದೆ. ತೂಕ ಬರೆದು ಚೀಟಿ ಕೊಟ್ಟೆ.

ಅವಳು ಹೋಗಲಿಲ್ಲ. ಚೀಟಿಯನ್ನು ತಿರುಗಿಸಿ ನೋಡಿದಳು. "ಸಾ, ಬುಟ್ಟಿ ಕಳೀಲಿಲ್ಲ ನೀವು. ಎಲ್ಡು ಕೇಜಿ ಜಾಸ್ತಿ ಬರ್ದಿದ್ದೀರಿ."

ಹನ್ನೆರಡು ವರ್ಷದ ನೌಕರಿಯಲ್ಲಿ ಮೊದಲ ಸಲ ಬುಟ್ಟಿ ಕಳೆಯಲು ಮರೆತಿದ್ದೆ. ಅದೂ ಅವಳಿಗೇ ಲಾಭವಾಗುವ ಹಾಗೆ. ತಿದ್ದಿ ಕೊಟ್ಟೆ. ಚೀಟಿಯಲ್ಲಿ ಹೆಸರು ರಾಚಮ್ಮ, ಊರು ಉಡಿಗಾಲ.

೪ ಫೆಬ್ರವರಿ, ಬುಧವಾರ

ತಲೆನೋವು. ಪ್ರಾಸ ಯಾವುದೂ ಕಟ್ಟಲಿಲ್ಲ.

೧೨ ಫೆಬ್ರವರಿ, ಗುರುವಾರ

ಆಯ್ಕೆ ಪಂದ್ಯದ ಹೆಸರುಗಳ ಪಟ್ಟಿ ಬಂತು. ಜಿಲ್ಲಾ ಬಾಕ್ಸಿಂಗ್ ಸಂಘದ ಬಾಗಿಲಿಗೆ ಅಂಟಿಸಿದ್ದರು. ಪ್ರತಿ ಸಲದ ರೂಢಿಯಂತೆ ಮೊದಲು ಕೆಳಗಿನ ಸಾಲಿಗೇ ಕಣ್ಣು ಹಾಯಿಸಿದೆ. ಮಹಿಳೆಯರು, ಎಂಬತ್ತೊಂದು ಕಿಲೋ ಮೇಲೆ:

ಶಿವರಂಜಿನಿ, ಗುಂಡ್ಲುಪೇಟೆ.
ಚೈತ್ರ, ಉಡಿಗಾಲ.

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಹೆಸರು ಅಲ್ಲೇ ಇತ್ತು.

ಸಂಜೆ ಬಸ್ಸಿನಲ್ಲಿ ರಂಜುಗೆ ಹೇಳಬೇಕಾಯಿತು. ತೆರಕಣಾಂಬಿ ದಾಟುವ ತನಕ ಹೇಳಲಿಲ್ಲ. ಹೇಳಿದ ಮೇಲೆ ಅವಳು ಮುಂದಿನ ಸೀಟಿನ ಕಂಬಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು, "ಇದು ಮೈಸೂರಿಗೆ ಬರ್ದೇ ಹೋದ್ಳಲ್ಲ ಅವ್ಳೇ ಅಲ್ವಾ ಅಪ್ಪಾಜಿ? ಈ ಸಲ ಬರ್ತಾಳಾ? ನಿಜವಾಗ್ಲೂ?" ಎಂದಳು.

ಎಸ್ಸೆಸ್ಸೆಲ್ಸಿ ಪಾಸಾದ ದಿನವೂ ಇಷ್ಟು ಖುಷಿಪಟ್ಟಿರಲಿಲ್ಲ.

೧೫ ಫೆಬ್ರವರಿ, ಭಾನುವಾರ

ಸ್ಪರ್ಧಿಗೆ ನೆಗಡಿ ಇದ್ದಂತೆ ಪರಿಶೀಲಕರಿಗೆ ಕಂಡಿತು. ಸ್ಪರ್ಧಿಗೆ ಕಾಣಲಿಲ್ಲ. ಆದರೂ ಅವಳು ಹಗ್ಗ ಆಡುವಾಗ ನಾನು ಮೆಲ್ಲಗೆ ಲಿಂಗಯ್ಯನ ಹತ್ತಿರ ಹೋದೆ.

"ಈ ಸಲ ಬಿಟ್ಟುಬಿಡೋಣ ಲಿಂಗಯ್ಯ. ಮುಂದಿನ ವರ್ಷ ನೋಡೋಣ. ದಾಖಲೆ ಚೆನ್ನಾಗಿದೆ, ಸುಮ್ಮನೆ ಯಾಕೆ ಕೆಡಿಸ್ಕೊಳ್ಳೋದು?"

ಲಿಂಗಯ್ಯ ನೀರಿನ ತೊಟ್ಟಿಯಲ್ಲಿ ಟ್ಯೂಬು ಮುಳುಗಿಸಿ ತೂತು ಹುಡುಕುತ್ತಿದ್ದ. ತಲೆ ಎತ್ತಲಿಲ್ಲ. "ಉಡುಗಿಗೆ ಬಯವಾ ಸಾ?"

"ಇಲ್ಲ."

"ನಂಗೂ ಇಲ್ಲ. ಇನ್ಯಾರ್ಗೆ?"

ಟ್ಯೂಬಿನಿಂದ ಗುಳ್ಳೆ ಎದ್ದವು. "ಇಲ್ಲಿ ಅದೆ ನೋಡಿ," ಅಂದ, ತೂತಿನ ಮೇಲೆ ಬೆರಳಿಟ್ಟು.

ಮನೆಗೆ ಬಂದು ಸುಧಾಮಣಿಗೆ ಮುದ್ದೆ ಒಂದು ಸಾಕು ಎಂದೆ. ಮರುಕ್ಷಣ ಕೆಳಗಿನ ವರ್ಗದ ಹಾಕಿಯವಳು ನೆನಪಾಗಿ ಮೂರೇ ಇರಲಿ ಎಂದೆ. ಸುಧಾಮಣಿ ಸೌಟು ಕೆಳಗಿಟ್ಟಳು.

"ಏನ್ರೀ ಆಗಿದೆ ನಿಮ್ಗೆ? ಅಟ್ಟದ ಮೇಲಿಂದ ಬಿದ್ದು ಅವ್ಳ ಕೈ ಮುರ್ದಾಗ ನೀವು ಆಸ್ಪತ್ರೆ ಹೊರಗಡೆ ನಿಂತಿದ್ರಿ, ಒಳಗೆ ಬರ್ಲಿಲ್ಲ. ಈಗ್ಲೂ ಹಂಗೇ ಮಾಡ್ತೀರಾ?"

ಆಗ ಅವಳಿಗೆ ಆರು ವರ್ಷ. ಆಸ್ಪತ್ರೆಯ ಒಳಗೆ ಜಾಗವಿರಲಿಲ್ಲ ಎಂದು ನನ್ನ ನೆನಪು.

೨೩ ಫೆಬ್ರವರಿ, ಸೋಮವಾರ, ಶಿವರಾತ್ರಿ

ದೇವಸ್ಥಾನಕ್ಕೆ ಹೋದೆ. ದಾಖಲೆ ಉಳಿಯಲಿ ಎಂದು ಕೇಳಬೇಕೆಂದಿದ್ದೆ. ಕ್ಯೂನಲ್ಲಿ ನಿಂತು ನಿಂತು ಮುಂದೆ ಬರುವ ಹೊತ್ತಿಗೆ, ಹಲ್ಲು ಉಳಿಯಲಿ ಎಂದಷ್ಟೇ ಕೇಳಿದೆ.

೧ ಮಾರ್ಚ್, ಭಾನುವಾರ

ಮೊದಲು ತೂಕ. ಶುಕ್ರವಾರ ನಮ್ಮ ಮಾರುಕಟ್ಟೆಯಲ್ಲಿ ಎಂಬತ್ತೊಂದು ಕಾಲು ಇದ್ದ ಸ್ಪರ್ಧಿ ಇವತ್ತು ಅಧಿಕೃತ ಯಂತ್ರದ ಮೇಲೆ ಎಂಬತ್ಮೂರು ಕಾಲು ತೂಗಿದಳು. ಎರಡೇ ದಿನದಲ್ಲಿ ಎರಡು ಕಿಲೋ! ಯಂತ್ರ ಸರಿಯಿಲ್ಲವೆಂದು ನಾನು ವಾದಕ್ಕೆ ನಿಂತೆ. ಆಮೇಲೆ ಹೊಳೆಯಿತು: ಇಷ್ಟು ತಿಂಗಳೂ ಬುಟ್ಟಿ ಕಳೆಯುವ ಗುಂಡಿಯನ್ನು ಆರಿಸದೆ, ನನ್ನ ಮಗಳಿಂದಲೂ ಬುಟ್ಟಿಯ ತೂಕ ಕಳೆದು ಬರೆದುಕೊಂಡಿದ್ದೇನೆ. ಮೂರನೇ ಮುದ್ದೆ ಯಾವತ್ತೂ ಬೇಕಾಗಿರಲಿಲ್ಲ. ಲಿಂಗಯ್ಯ ನಕ್ಕು ನಕ್ಕು ಗೋಡೆ ಹಿಡಿದುಕೊಂಡ. ರಂಜು ಮಾತ್ರ, "ಅಪ್ಪಾಜಿ, ಆ ಮೂರ್ನೇದ್ನ ನಾನು ನಿಮ್ಗೋಸ್ಕರ ತಿಂತಿದ್ದೆ," ಅಂದಳು.

ಚೈತ್ರ ಬಂದಳು. ಜೊತೆಯಲ್ಲಿ ಅವಳ ತಾಯಿ. ತಲೆಗೆ ಟವೆಲ್ ಇರಲಿಲ್ಲ, ಹೂವಿತ್ತು. ಆದರೂ ಗುರುತು ಹತ್ತಿತು. ಮಾರುಕಟ್ಟೆಯ ರಾಚಮ್ಮ. ನಾನು ಬಕೆಟ್ಟಿಗೆ ನೀರು ಹಿಡಿಯಲು ಹೋದೆ. ತುಂಬಿದ ಬಕೆಟ್ಟನ್ನು ಚೆಲ್ಲಿ ಇನ್ನೊಂದು ಸಲ ಹಿಡಿದೆ.

ನಮ್ಮ ಮೂಲೆಯಲ್ಲಿ ಲಿಂಗಯ್ಯ ಮುಖ್ಯ, ನಾನು ಸಹಾಯಕ. ಬಕೆಟ್ಟು ಮತ್ತು ಟವೆಲ್ ನನ್ನ ಕೈಯಲ್ಲಿ. "ಇದ್ನ ರಿಂಗೊಳಕ್ಕೆ ಎಸುದ್ರೆ ಆಟ ಮುಗೀತು, ನಾವು ಸೋತಂಗೆ. ನಾನು 'ಎಸೀರಿ' ಅನ್ನೋಗಂಟ ಎಸೀಬ್ಯಾಡಿ," ಅಂದ ಲಿಂಗಯ್ಯ.

ಎರಡೆರಡು ನಿಮಿಷದ ನಾಲ್ಕು ಸುತ್ತು. ಗಂಟೆ ಹೊಡೆದಾಗ ನಾನು ಬಗ್ಗಿದೆ. ಇವತ್ತು ನಿಜವಾಗಿ ಶೂ ಹಾಕಿದ್ದೆ. ಲೇಸು ಬಿಗಿಯಾಗಿ ಕಟ್ಟಿತ್ತು. ಬಗ್ಗಿದವನು ಸುಮ್ಮನೆ ಎದ್ದೆ.

ಮೊದಲ ಸುತ್ತಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಸುತ್ತಿದರು. ನಲವತ್ತು ಸೆಕೆಂಡು ಕಳೆದದ್ದು ನನಗೆ ಗೊತ್ತಾಯಿತು, ಎಣಿಸುತ್ತಿದ್ದೆ. ಅಲ್ಲಿಂದ ಮುಂದೆ ನನ್ನ ಮಗಳು ಯಾವತ್ತೂ ಹೋಗಿರದ ಜಾಗ. ಎರಡನೇ ಸುತ್ತಿನಲ್ಲಿ ಚೈತ್ರಳ ಬಲಗೈ ಬಂತು. ರಂಜು ತಲೆ ಹಿಂದಕ್ಕೆ ಹೋಯಿತು.

"ಗಲ್ಲ ಇಳಿಸು!" ಎಂದು ಕಿರುಚಿದೆ.

ಇಬ್ಬರೂ ಇಳಿಸಿದರು! ಎದುರಾಳಿಗೂ ಕನ್ನಡ ಬರುತ್ತದೆ ಎಂಬುದನ್ನು ಪರಿಶೀಲಕರು ಇಷ್ಟು ದಿನ ಪರಿಗಣಿಸಿರಲಿಲ್ಲ. ರೆಫರಿ ನನ್ನ ಕಡೆ ಬೆರಳು ತೋರಿಸಿ ಎಚ್ಚರಿಕೆ ಕೊಟ್ಟರು. ಆಟ ನಡೆಯುವಾಗ ಮೂಲೆಯಿಂದ ಕೂಗುವಂತಿಲ್ಲವಂತೆ. ರಿಂಗಿನ ಆಚೆ ರಾಚಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಿಂತಿದ್ದಳು. ಅವಳು ನೋಡುತ್ತಿದ್ದುದು ನನ್ನನ್ನಲ್ಲ, ತನ್ನ ಮಗಳ ಮುಖವನ್ನು.

ಮೂರನೇ ಸುತ್ತಿನಲ್ಲಿ ರಂಜು ಮೂಗಿನಿಂದ ರಕ್ತ ಬಂತು. ರೆಫರಿ ತಡೆದು ನಿಲ್ಲಿಸಿ ಎಂಟು ಎಣಿಸಿದರು. ನನ್ನ ಕೈ ಟವೆಲ್ ಸಮೇತ ಹಗ್ಗದ ಮೇಲಕ್ಕೆ ಹೋಗಿತ್ತು. ಅವಳು ತಿರುಗಿ ನೋಡಿದಳು. ಲಿಂಗಯ್ಯನನ್ನಲ್ಲ, ನನ್ನ ಕೈಯನ್ನು. ತಲೆ ಅಲ್ಲಾಡಿಸಿದಳು, ಮೂರನೇ ಮುದ್ದೆ ಬೇಡವೆನ್ನಬೇಕಿದ್ದ ಹಾಗೆ. ನಾನು ಟವೆಲ್ ಬಾಯಿಗೆ ತುರುಕಿಕೊಂಡೆ. ಅದರಿಂದ ಕೂಗುವುದೂ ನಿಂತಿತು, ಎಸೆಯುವುದೂ ನಿಂತಿತು.

ವಿರಾಮದಲ್ಲಿ ಮೂಗು ಒರೆಸಿದೆ. "ನೋವಾಯ್ತಾ?" ಎಂದೆ.

"ಊಂ," ಅಂದಳು. ಹಲ್ಲಿನ ಕವಚದ ಹಿಂದೆ ನಗುತ್ತಿದ್ದಳು. "ಅಳ್ಳಿಲ್ಲ ಅಪ್ಪಾಜಿ."

ನಾಲ್ಕನೇ ಸುತ್ತಿನಲ್ಲಿ ನನ್ನ ಮಗಳು ಮುಖಕ್ಕೆ ಹೊಡೆದಳು. ಎಡ, ಎಡ, ಬಲ. ಹೊಡೆದು ಹಿಂದೆ ಸರಿದಳು, ನಿಂತು ನೋಡಲಿಲ್ಲ. ಚೈತ್ರಳೂ ಬಿಡಲಿಲ್ಲ. ಎಂಬತ್ತೊಂದು ಕಿಲೋ ದಾಟಿದ ಇಬ್ಬರು ಹುಡುಗಿಯರು ಹಲಗೆ ಗುಡುಗಿಸುತ್ತ ಆಡಿದರು. ನಾನು ಕಣ್ಣು ಮುಚ್ಚಲಿಲ್ಲ. ಎಷ್ಟು ಚೆನ್ನಾಗಿ ಆಡುತ್ತಾಳೆ ಅವಳು! ಯಾರೂ ನನಗೆ ಹೇಳಿರಲಿಲ್ಲ.

ಒಂಬತ್ತು–ಏಳು. ಚೈತ್ರ ಗೆದ್ದಳು.

ಕೈ ಎತ್ತಿಸಿಕೊಂಡವಳನ್ನು ರಂಜುವೇ ಹೋಗಿ ತಬ್ಬಿಕೊಂಡಳು. ಕೆಳಗಿಳಿದ ಮೇಲೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತರು. ಬೆಂಚು ಕಿರ್ ಎಂದಿತು. ನಾನು ಹಿಂದೆ ಬಕೆಟ್ಟು ಹಿಡಿದು ನಿಂತಿದ್ದೆ.

"ಮೈಸೂರಿಗೆ ಯಾಕೆ ಬರ್ಲಿಲ್ಲ ನೀನು? ಕಾಯ್ತಾ ಇದ್ದೆ," ರಂಜು ಕೇಳಿದಳು.

"ಬಂದಿದ್ದಿ ಕಣಕ್ಕ. ತೂಕದ ಸಾಲ್ಗಂಟ ಬಂದಿದ್ದಿ. ಟೀ ಅಂಗ್ಡೀಲಿ ಯಾರೋ ಒಬ್ರು ನಮ್ಮವ್ವಂಗೆ ಏನೋ ಏಳ್ಬುಟ್ರು. ಅವ್ವ ಎದ್ರಕಂಡು ಕೈ ಇಡ್ದು ಎಳ್ಕೊಂಡು ಓಗ್ಬುಟ್ಳು. ಬಸ್ಸಲ್ಲಿ ಊರ್ಗಂಟ ಅತ್ತೆ ಕಣಕ್ಕ ನಾನು."

"ಯಾರು ಹೇಳಿದ್ದು?"

"ಗೊತ್ತಿಲ್ಲ. ಅವ್ವಂಗೇ ಗೊತ್ತು."

ರಾಚಮ್ಮ ಅಲ್ಲೇ ಇದ್ದಳು. ನನ್ನನ್ನು ನೋಡಿದಳು. ಸ್ವಲ್ಪ ಹೊತ್ತು, ನಿಧಾನವಾಗಿ, ಚೀಟಿ ತಿರುಗಿಸಿ ನೋಡಿದಳಲ್ಲ, ಹಾಗೆ. ಆಮೇಲೆ ತನ್ನ ಚೀಲದಿಂದ ಒಂದು ಒದ್ದೆ ಬಟ್ಟೆ ತೆಗೆದು ನನ್ನ ಕೈಗೆ ಕೊಟ್ಟಳು.

"ಮಗೀಗೆ ಮೂಗು ಒರ್ಸಿ ಸಾ. ಒಣಗೋಯ್ತದೆ," ಅಂದಳು. ಅಷ್ಟೇ.

ಬಸ್ಸಿನಲ್ಲಿ ರಂಜು ನನ್ನ ಹೆಗಲಿಗೆ ತಲೆ ಕೊಟ್ಟು ಮಲಗಿದಳು, ಮೂಗಿನಲ್ಲಿ ಹತ್ತಿ. ಎಂಬತ್ಮೂರು ಕಾಲು ಕಿಲೋ, ಏನೂ ಕಳೆಯದೆ. ಅರೆನಿದ್ದೆಯಲ್ಲಿ ಕೇಳಿದಳು: "ಯಾರಿರ್ಬೋದು ಅಪ್ಪಾಜಿ, ಅವ್ಳ ಅವ್ವಂಗೆ ಹೇಳಿದ್ದು?"

"ಯಾರೋ ಏನೋ ಮಗಾ," ಅಂದೆ.

ಬಲ: ಹೊಡೆಸಿಕೊಂಡರೆ ಅಳುವುದಿಲ್ಲ, ಆಡುತ್ತಾಳೆ.
ದೌರ್ಬಲ್ಯ:

೨ ಮಾರ್ಚ್, ಸೋಮವಾರ, ಬೆಳಿಗ್ಗೆ

ಸಭಿಕರೇ, ಎದ್ದು ಹೊರಡಿ. ಕಡಲೆಕಾಯಿ ಸಿಪ್ಪೆ ನಾನೇ ಗುಡಿಸಿಕೊಳ್ಳುತ್ತೇನೆ.

ಮೊದಲ ದಿನ "ಕಾರಣಾಂತರ" ಎಂದು ಬರೆದೆನಲ್ಲ, ಅದು ನಾನು. ಮೈಸೂರಿನಲ್ಲಿ ತೂಕದ ಸಾಲಿನಲ್ಲಿ ಆ ಹುಡುಗಿಯ ಹೆಗಲು ನೋಡಿದೆ, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬಲಿತ ಹೆಗಲು. ನೋಡಿದ ಕೂಡಲೇ ನನ್ನ ಮಗಳ ಮುಖ ಕಣ್ಣ ಮುಂದೆ ಬಂತು. ಟೀ ಅಂಗಡಿಗೆ ಹೋಗಿ ಅವಳ ತಾಯಿಯ ಪಕ್ಕ ಯಾರೋ ದಾರಿಹೋಕನ ಹಾಗೆ ನಿಂತು, "ಆ ಗುಂಡ್ಲುಪೇಟೆ ಹುಡುಗಿ ಹೋದ ಸಲ ಒಬ್ಬಳ ದವಡೆ ಮುರಿದಳು ಕಣಮ್ಮ. ಅವಳು ಈಗಲೂ ಗಂಜಿ ಕುಡೀತಾಳೆ," ಎಂದೆ. ಯಾರ ದವಡೆಯೂ ಮುರಿದಿರಲಿಲ್ಲ. ಅವರು ಗೇಟು ದಾಟಿ ಹೋಗುವುದನ್ನು ನೋಡಿಕೊಂಡು ಇನ್ನೊಂದು ಟೀ ಕುಡಿದೆ. ಬಂದು ನಿನ್ನ ಕೈ ಎತ್ತಿಸಿದೆ, ರಂಜು.

ಎರಡು ತಿಂಗಳು ನಿನ್ನ ಬಲಾಬಲ ಬರೆದೆ. ಬುಟ್ಟಿ ಕಳೆದು ಬರೆಯುವ ಅಭ್ಯಾಸ. ನನ್ನನ್ನೇ ಕಳೆದು ಬರೆದೆ.

ನೀನು ಹಿತ್ತಲಲ್ಲಿ ಹಲ್ಲು ಉಜ್ಜುತ್ತಿದ್ದೀಯ. ಎಲ್ಲ ಹಲ್ಲೂ ಇವೆ. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದೆ. ಇದಕ್ಕೆ ಯಾವ ಪ್ರಾಸವೂ ಕೂಡುತ್ತಿಲ್ಲ, ಹಾಗೇ ಬಂದು ಹೇಳುತ್ತೇನೆ.

ಆ ಯಾರೋ ಒಬ್ಬರು ನಿಮ್ಮಪ್ಪ ಕಣಮ್ಮಿ.